ಡಿಎನ್‌ಎ ಸರಣಿಯಲ್ಲಿ ಓಪನ್ ರೀಡಿಂಗ್ ಫ್ರೇಮ್‌ಗಳ ಶೋಧ

ಓಪನ್ ರೀಡಿಂಗ್ ಫ್ರೇಮ್, ಚಿಕ್ಕದಾಗಿ ಓಆರ್‌ಎಫ್: ಡಿಎನ್‌ಎ ಅಥವಾ ಆರ್‌ಎನ್‌ಎ ಸರಣಿಯನ್ನು ಮೂರು ಮೂರು ಅಕ್ಷರಗಳ ಗುಂಪಾಗಿ ಓದುತ್ತ ಹೋದಾಗ, ನಿಲುಗಡೆಯ ಸಂಕೇತ ಎಲ್ಲೂ ಅಡ್ಡ ಬಾರದೆ ಸಾಗುವ ಭಾಗ. ಅಂಥ ಭಾಗದಿಂದ ಜೀವಕೋಶ ಪ್ರೋಟೀನ್ ತಯಾರಿಸಲು ಸಾಧ್ಯ; ತಯಾರಿಸಿಯೇ ತೀರುತ್ತದೆ ಎಂದೇನಿಲ್ಲ. ಆದ್ದರಿಂದ ಓಆರ್‌ಎಫ್ ಎಂದರೆ ಜೀನ್ ಅಲ್ಲ, ಜೀನ್ ಆಗಿರಬಹುದಾದ ಒಂದು ಉಮೇದುವಾರ. ಸರಣಿಯೊಂದೇ ಕೈಯಲ್ಲಿದ್ದರೆ ಉಮೇದುವಾರರ ಪಟ್ಟಿ ಸಿಗುತ್ತದೆ. ಅವುಗಳಲ್ಲಿ ನಿಜವಾದವು ಯಾವುವು ಎಂದು ಹೇಳಲು ಹೊರಗಿನ ಸಾಕ್ಷ್ಯ ಬೇಕು. ಜೀನೋಮ್ ಅಧ್ಯಯನದಲ್ಲಿ ಆಗಿರುವ ಬಹಳಷ್ಟು ಎಡವಟ್ಟುಗಳು ಪಟ್ಟಿಯನ್ನೇ ತೀರ್ಪು ಎಂದು ಭಾವಿಸಿದ್ದರಿಂದ ಆದವು.

ಈ ಲೇಖನದ ಮುಖ್ಯ ನಿದರ್ಶನ ಕ್ಷಯರೋಗದ ಬ್ಯಾಕ್ಟೀರಿಯ, ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್. ಓಆರ್‌ಎಫ್ ಹುಡುಕುವ ಸುಲಭ ಉಪಾಯಗಳೆಲ್ಲ ಅದರ ಜೀನೋಮ್‌ನ ಮುಂದೆ ಸೋಲುತ್ತವೆ. ಅದರ ಜೀನ್‌ಪಟ್ಟಿಯನ್ನು ತಿದ್ದಿದ ಮುಖ್ಯ ಕೆಲಸಗಳಲ್ಲೊಂದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ನಡೆಯಿತು.

ಓದುವ ನಿಯಮ

ಡಿಎನ್‌ಎ ಬರಹಕ್ಕೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ. ಮೂರು ಅಕ್ಷರ ಸೇರಿದರೆ ಒಂದು ಕೋಡಾನ್. ಒಟ್ಟು 64 ಕೋಡಾನ್‌ಗಳು ಸಾಧ್ಯ. ಇವುಗಳಲ್ಲಿ 61 ಕೋಡಾನ್‌ಗಳು ಇಪ್ಪತ್ತು ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಟಿಎಎ, ಟಿಎಜಿ, ಟಿಜಿಎ ಎಂಬ ಮೂರು ನಿಲುಗಡೆಯ ಕೋಡಾನ್‌ಗಳು. ಕೋಡಾನ್‌ಗಳನ್ನು ಓದಿ ಪ್ರೋಟೀನ್ ಜೋಡಿಸುವ ರೈಬೋಸೋಮ್ ಅಲ್ಲಿಗೆ ಬಂದಾಗ ಅಮೈನೋ ಆಮ್ಲಗಳ ಸರಪಳಿಯನ್ನು ಕಡಿದು ಬಿಡುತ್ತದೆ. ಆರಂಭಕ್ಕೆ ಬಹುಮಟ್ಟಿಗೆ ಎಟಿಜಿ ಬಳಕೆಯಾಗುತ್ತದೆ. ಬ್ಯಾಕ್ಟೀರಿಯಗಳಲ್ಲಿ ಜಿಟಿಜಿ, ಟಿಟಿಜಿಗಳಿಂದಲೂ ಆರಂಭವಾಗುವುದುಂಟು. ಎಟಿಜಿ ಆರಂಭದಲ್ಲಿ ಮಾತ್ರವಲ್ಲ, ಪ್ರೋಟೀನ್‌ನ ನಡುವೆಯೂ ಮೆಥಿಯೊನಿನ್‌ಗಾಗಿ ಬರುತ್ತದೆ. ಹೀಗಾಗಿ ನಿಲುಗಡೆ ಖಚಿತ, ಆರಂಭ ಅಸ್ಪಷ್ಟ. ಈ ವ್ಯತ್ಯಾಸ ಮುಂದೆ ಬಹಳ ತೊಂದರೆ ಕೊಡುತ್ತದೆ.

ಕೋಡಾನ್‌ಗಳ ನಡುವೆ ಬಿಡುವಿಲ್ಲ, ಅಲ್ಪವಿರಾಮವಿಲ್ಲ. ಎಲ್ಲಿಂದ ಎಣಿಕೆ ಶುರುಮಾಡುತ್ತೇವೆಯೋ ಅದರ ಮೇಲೆ ಅರ್ಥ ನಿಂತಿದೆ. ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಇದು ಹೊಸದಲ್ಲ. ಯಮಾತಾರಾಜಭಾನಸಲಗಂ ಎಂಬ ಸೂತ್ರದಲ್ಲಿ ಮೊದಲ ಅಕ್ಷರದಿಂದ ಮೂರನ್ನು ತೆಗೆದುಕೊಂಡರೆ ಯಗಣ, ಒಂದಕ್ಷರ ಸರಿದು ಮೂರನ್ನು ತೆಗೆದುಕೊಂಡರೆ ಮಗಣ, ಮತ್ತೊಂದು ಸರಿದರೆ ತಗಣ. ಅಕ್ಷರಗಳು ಅವೇ ಇದ್ದರೂ ಎಣಿಕೆಯ ಆರಂಭ ಸರಿದಂತೆ ಗಣ ಬದಲಾಗುತ್ತದೆ. ಲಘು, ಗುರು ಎಂಬ ಎರಡರಿಂದ ಅಲ್ಲಿ ಎಂಟು ಗಣ; ಡಿಎನ್‌ಎಯ ನಾಲ್ಕು ಅಕ್ಷರಗಳಿಂದ ಇಲ್ಲಿ 64.

ಒಂದು ಎಳೆಯನ್ನು ಹೀಗೆ ಮೂರು ಓದುಚೌಕಟ್ಟುಗಳಲ್ಲಿ ಓದಬಹುದು. ಮೂರನೆಯ ಸಲ ಸರಿದರೆ ಮೊದಲನೆಯ ಚೌಕಟ್ಟಿಗೇ ಮರಳುತ್ತೇವೆ. ಡಿಎನ್‌ಎಗೆ ಎರಡು ಎಳೆ. ಎದುರಿನ ಎಳೆಯನ್ನು ಹಿಮ್ಮುಖವಾಗಿ, ಎಗೆ ಟಿ, ಸಿಗೆ ಜಿ ಎಂದು ಜೋಡಿ ಬದಲಿಸಿ ಓದಬೇಕು. ಅಲ್ಲಿಯೂ ಮೂರು, ಒಟ್ಟು ಆರು. ಹದಿನೈದು ಅಕ್ಷರಗಳ ಈ ತುಣುಕನ್ನು ನೋಡಿ: ಸಿಎಟಿಜಿಜಿಸಿಟಿಜಿಎಸಿಟಿಎಎಜಿಸಿ. ಮೊದಲ ಅಕ್ಷರದಿಂದ ಓದಿದರೆ ಸಿಎಟಿ, ಜಿಜಿಸಿ, ಟಿಜಿಎ. ಮೂರನೆಯದಕ್ಕೇ ನಿಲುಗಡೆ ಬಂತು. ಎರಡನೆಯದರಿಂದ ಓದಿದರೆ ಎಟಿಜಿ, ಜಿಸಿಟಿ, ಜಿಎಸಿ, ಟಿಎಎ: ಆರಂಭ, ಎರಡು ಅಮೈನೋ ಆಮ್ಲ, ನಿಲುಗಡೆ. ಪುಟ್ಟದಾದರೂ ಇದು ಪೂರ್ಣ ಓಆರ್‌ಎಫ್. ಮೂರನೆಯದರಿಂದ ಟಿಜಿಜಿ, ಸಿಟಿಜಿ, ಎಸಿಟಿ, ಎಎಜಿ. ಆರಂಭವೂ ಇಲ್ಲ, ನಿಲುಗಡೆಯೂ ಇಲ್ಲ. ಎದುರಿನ ಎಳೆ ಜಿಸಿಟಿಟಿಎಜಿಟಿಸಿಎಜಿಸಿಸಿಎಟಿಜಿ ಎಂದಾಗುತ್ತದೆ. ಅದರ ಮೊದಲ ಚೌಕಟ್ಟಿನಲ್ಲಿ ಎರಡನೆಯ ಕೋಡಾನ್ ಟಿಎಜಿ, ಉಳಿದೆರಡು ಚೌಕಟ್ಟುಗಳು ತೆರೆದೇ ಇವೆ. ಹದಿನೈದು ಅಕ್ಷರಕ್ಕೇ ಇಷ್ಟು ಸಾಧ್ಯತೆಗಳಿರುವಾಗ ಲಕ್ಷಗಟ್ಟಲೆ ಅಕ್ಷರಗಳಲ್ಲಿ ಎಷ್ಟಿರಬಹುದೆಂದು ಊಹಿಸಬಹುದು.

ಚೌಕಟ್ಟು ಎಂಬುದು ನಮ್ಮ ಕಲ್ಪನೆಯಲ್ಲ, ಜೀವಕೋಶವೂ ಹಾಗೆಯೇ ಓದುತ್ತದೆ ಎಂದು ತೋರಿಸಿದ ಪ್ರಯೋಗ 1961ರದು. ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್, ಸಿಡ್ನಿ ಬ್ರೆನ್ನರ್, ಲೆಸ್ಲಿ ಬಾರ್ನೆಟ್, ಆರ್. ಜೆ. ವಾಟ್ಸ್-ಟೋಬಿನ್ ಇವರು ಟಿ4 ಎಂಬ ಬ್ಯಾಕ್ಟೀರಿಯಭಕ್ಷಕ ವೈರಸ್‌ನ ಒಂದು ಜೀನ್‌ಗೆ ಒಂದು ಅಕ್ಷರ ಸೇರಿಸಿದಾಗ ಜೀನ್ ಕೆಟ್ಟಿತು, ಎರಡು ಸೇರಿಸಿದಾಗಲೂ ಕೆಟ್ಟಿತು, ಮೂರು ಸೇರಿಸಿದಾಗ ಬಹುಮಟ್ಟಿಗೆ ಸರಿಯಾಯಿತು. ಆಮೇಲೆ ಹರಗೋಬಿಂದ್ ಖೊರಾನ ತಂಡ ಇದನ್ನು ರಾಸಾಯನಿಕವಾಗಿಯೇ ತೋರಿಸಿತು. ಆರ್‌ಎನ್‌ಎಯಲ್ಲಿ ಟಿಯ ಬದಲು ಯು ಇರುತ್ತದೆ. ಯುಯುಸಿ ಎಂದು ಪುನರಾವರ್ತನೆಯಾಗುವ ಆರ್‌ಎನ್‌ಎಯಿಂದ ಒಂದಲ್ಲ, ಮೂರು ಬಗೆಯ ಸರಪಳಿಗಳು ಹುಟ್ಟಿದವು: ಬರೀ ಫಿನೈಲ್‌ಅಲನಿನ್, ಬರೀ ಸೆರಿನ್, ಬರೀ ಲ್ಯೂಸಿನ್. ಮೂರೂ ಚೌಕಟ್ಟುಗಳು ಕಣ್ಣಿಗೆ ಕಂಡಂತಾಯಿತು. ಜಿಯುಎಎ ಎಂದು ಮರುಕಳಿಸುವ ಆರ್‌ಎನ್‌ಎಯಲ್ಲಿ ಮಾತ್ರ ಯಾವ ಚೌಕಟ್ಟಿನಲ್ಲಿ ಹೋದರೂ ಯುಎಎ ಎದುರಾಗುತ್ತದೆ. ಅದರಿಂದ ಉದ್ದನೆಯ ಸರಪಳಿ ಬರಲೇ ಇಲ್ಲ. ಖೊರಾನ, ಮಾರ್ಷಲ್ ನಿರೆನ್‌ಬರ್ಗ್, ರಾಬರ್ಟ್ ಹಾಲಿ ಅವರಿಗೆ 1968ರ ನೊಬೆಲ್ ಪ್ರಶಸ್ತಿ ಬಂತು.

ಉದ್ದವೆಂಬ ಸಾಕ್ಷಿ, ಅದರ ಮಿತಿ

ಅಕ್ಷರಗಳು ಗೊತ್ತುಗುರಿಯಿಲ್ಲದೆ, ಸಮಪ್ರಮಾಣದಲ್ಲಿ ಬಿದ್ದಿವೆ ಎಂದುಕೊಂಡರೆ ಸರಾಸರಿ 21 ಕೋಡಾನ್‌ಗೊಂದು ನಿಲುಗಡೆ ಬರಬೇಕು. ನಿಲುಗಡೆಯಿಲ್ಲದೆ 100 ಕೋಡಾನ್ ಸಾಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ, 300 ಸಾಗುವ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಉದ್ದನೆಯ ಓಆರ್‌ಎಫ್ ಕಂಡರೆ ಅದು ತಾನಾಗಿ ಒದಗಿದ್ದಲ್ಲ, ಜೀವವಿಕಾಸ ಕಾಪಾಡಿಕೊಂಡು ಬಂದದ್ದು ಎಂಬ ತರ್ಕ ಇದರಿಂದ ಹುಟ್ಟಿತು. ಯೀಸ್ಟ್‌ನ ಜೀನೋಮ್ 1996ರಲ್ಲಿ ಪೂರ್ಣಗೊಂಡಾಗ 100 ಕೋಡಾನ್‌ಗಿಂತ ಚಿಕ್ಕವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಗೆರೆ ಎರಡೂ ಕಡೆ ತಪ್ಪಿತು. 2003ರಲ್ಲಿ ಯೀಸ್ಟ್‌ನ ಹತ್ತಿರದ ಸಂಬಂಧಿಗಳ ಜೀನೋಮ್‌ಗಳೊಂದಿಗೆ ಹೋಲಿಸಿ ನೋಡಿದಾಗ ಗೆರೆ ದಾಟಿದ್ದವುಗಳಲ್ಲಿ ಸುಮಾರು 500 ಓಆರ್‌ಎಫ್‌ಗಳು ಸುಳ್ಳೆಂದು ತೋರಿದವು: ನಿಜವಾದ ಜೀನ್ ಆಗಿದ್ದರೆ ಸಂಬಂಧಿಗಳಲ್ಲೂ ಚೌಕಟ್ಟು ಉಳಿದಿರಬೇಕಿತ್ತು, ಉಳಿದಿರಲಿಲ್ಲ. ಇನ್ನೊಂದು ಕಡೆ, ಗೆರೆಯ ಕೆಳಗೆ ಬಿದ್ದವುಗಳಲ್ಲಿ ನಿಜವಾದ ಜೀನ್‌ಗಳಿದ್ದವು. ಹಣ್ಣುನೊಣದ ಟಾರ್ಸಲ್-ಲೆಸ್ ಜೀನ್ ಕೇವಲ 11 ಅಮೈನೋ ಆಮ್ಲಗಳ ಪೆಪ್ಟೈಡ್‌ಗಳನ್ನು ತಯಾರಿಸುತ್ತದೆ, ಅವಿಲ್ಲದೆ ನೊಣದ ಬೆಳವಣಿಗೆ ಕೆಡುತ್ತದೆ ಎಂದು 2007ರಲ್ಲಿ ತಿಳಿಯಿತು.

ಉದ್ದದ ತರ್ಕಕ್ಕೆ ಇನ್ನೊಂದು ದೊಡ್ಡ ಬಿರುಕಿದೆ. ನಿಲುಗಡೆಯ ಮೂರೂ ಕೋಡಾನ್‌ಗಳಲ್ಲಿ ಎ, ಟಿಗಳೇ ಹೆಚ್ಚು. ಜೀನೋಮ್‌ನಲ್ಲಿ ಜಿ, ಸಿಗಳ ಪಾಲು ಏರಿದಷ್ಟೂ ನಿಲುಗಡೆಗಳು ಅಪರೂಪವಾಗುತ್ತವೆ. ಜಿ, ಸಿ ಸೇರಿ ಶೇ 30 ಇದ್ದರೆ ಸರಾಸರಿ 13 ಕೋಡಾನ್‌ಗೊಂದು ನಿಲುಗಡೆ. ಶೇ 70 ಇದ್ದರೆ 52 ಕೋಡಾನ್‌ಗೊಂದು. ಅಂಥ ಜೀನೋಮ್‌ನಲ್ಲಿ ಏನೂ ಅರ್ಥವಿಲ್ಲದ ಭಾಗವೂ ಉದ್ದನೆಯ ಓಆರ್‌ಎಫ್‌ನ ವೇಷ ತೊಟ್ಟು ನಿಲ್ಲುತ್ತದೆ. ಕ್ಷಯದ ಬ್ಯಾಕ್ಟೀರಿಯದಲ್ಲಿ ಜಿ, ಸಿಗಳ ಪಾಲು ಶೇ 65.6.

ಮಾರಿಕುಪ್ಪಂ ಮತ್ತು ಕ್ಷಯ

ಕ್ಷಯದ ಜೀನೋಮ್‌ಗೆ ಹೋಗುವ ಮುನ್ನ ಆ ರೋಗ ನಮಗೆ ಎಷ್ಟು ಹತ್ತಿರದ್ದೆಂದು ನೋಡಬಹುದು. ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿಗೆ 1894ರಲ್ಲಿ ಹಾಕಿದ ರೈಲುಮಾರ್ಗ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್, ಸ್ವಾತಂತ್ರ್ಯದ ನಂತರ ಸರ್ಕಾರ, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ನಡೆಸಿದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಚಿನ್ನ ಇದ್ದದ್ದು ಬೆಣಚುಕಲ್ಲಿನ ಸೆರೆಗಳಲ್ಲಿ; ಬೆಣಚುಕಲ್ಲೆಂದರೆ ಸಿಲಿಕಾ. ಕೊರೆದಾಗ, ಸಿಡಿಸಿದಾಗ ಏಳುವ ನುಣ್ಣನೆಯ ದೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ಉಂಟುಮಾಡುತ್ತದೆ. ಭಾರತದಲ್ಲಿ ಈ ರೋಗ ಮೊದಮೊದಲು ದಾಖಲಾದ ಜಾಗಗಳಲ್ಲಿ ಕೋಲಾರದ ಗಣಿಯೂ ಒಂದು.

ಸಿಲಿಕೋಸಿಸ್‌ನ ಬೆನ್ನಿಗೇ ಕ್ಷಯ ಬರುತ್ತದೆ. ಶ್ವಾಸಕೋಶಕ್ಕೆ ಹೊಕ್ಕ ರೋಗಾಣುಗಳನ್ನು ನುಂಗಿ ಹಾಕಬೇಕಾದ ಮ್ಯಾಕ್ರೋಫೇಜ್ ಕೋಶಗಳು ಸಿಲಿಕಾ ಕಣಗಳನ್ನು ನುಂಗಿ ಸಾಯುತ್ತವೆ ಅಥವಾ ಬಲಗುಂದುತ್ತವೆ. ಕ್ಷಯದ ಬ್ಯಾಕ್ಟೀರಿಯ ಬದುಕುವುದೇ ಆ ಕೋಶಗಳ ಒಳಗೆ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಅಪಾಯ ಇತರರಿಗಿಂತ ಹಲವು ಪಟ್ಟು ಹೆಚ್ಚು. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಅದು ಇಳಿಯುವುದಿಲ್ಲ. ಕೇಂದ್ರ ಗಣಿ ಸಚಿವಾಲಯ 1990ರಲ್ಲಿ ರಾಷ್ಟ್ರೀಯ ಗಣಿಕಾರ್ಮಿಕರ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿದಾಗ ಅದರ ನೋಂದಾಯಿತ ಕಚೇರಿ ಮಾರಿಕುಪ್ಪಂನಲ್ಲಿದ್ದದ್ದು ಆಕಸ್ಮಿಕವಲ್ಲ. 2019ರಲ್ಲಿ ಆ ಸಂಸ್ಥೆಯನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ವಿಲೀನಗೊಳಿಸಲು ಕೇಂದ್ರ ಸಂಪುಟ ಒಪ್ಪಿತು.

ಒಂದು ಜೀನ್‌ಪಟ್ಟಿಯ ಕತೆ

ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಕ್ಷಯದ ತಳಿ ಎಚ್37ಆರ್‌ವಿ. 1905ರಲ್ಲಿ ಅಮೆರಿಕದ ರೋಗಿಯೊಬ್ಬರಿಂದ ಪಡೆದ ಮೂಲದಿಂದ 1934ರಲ್ಲಿ ಬೇರ್ಪಡಿಸಿದ್ದು. ಅದರ ಪೂರ್ಣ ಜೀನೋಮ್ ಸರಣಿಯನ್ನು ಸ್ಟುವರ್ಟ್ ಕೋಲ್ ನೇತೃತ್ವದ ತಂಡ 1998ರ ಜೂನ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು: 44,11,529 ಅಕ್ಷರ, 3,924 ಓಆರ್‌ಎಫ್. ಒಂದೊಂದಕ್ಕೂ ಆರ್‌ವಿ ಎಂದು ಆರಂಭವಾಗುವ ಕ್ರಮಸಂಖ್ಯೆ. ಎದುರಿನ ಎಳೆಯಲ್ಲಿದ್ದರೆ ಕೊನೆಗೆ ಸಿ. ಐಸೋನಿಯಾಜಿಡ್ ಔಷಧವನ್ನು ಕ್ರಿಯಾಶೀಲಗೊಳಿಸುವ ಕ್ಯಾಟ್‌ಜಿ ಜೀನ್ ಆರ್‌ವಿ1908ಸಿ. ಹೆಸರು ನೋಡಿಯೇ ಅದು ಯಾವ ಎಳೆಯಲ್ಲಿದೆ ಎಂದು ಹೇಳಬಹುದು. ಆಮೇಲೆ ಎರಡು ಜೀನ್‌ಗಳ ನಡುವೆ ಹೊಸದು ಸಿಕ್ಕರೆ ಹಿಂದಿನ ಸಂಖ್ಯೆಗೆ ಎ, ಬಿ ಎಂದು ಅಂಟಿಸುತ್ತಾರೆ. ಸರ್ವೆ ನಂಬರಿಗೆ ಪೋಡಿ ಆದಂತೆ ಹೀಗೆ ಬಾಲ ಬೆಳೆದ ಹೆಸರುಗಳು ಈ ಪಟ್ಟಿಯಲ್ಲಿ ಬಹಳ ಇವೆ. 2002ರ ಮರುಪರಿಶೀಲನೆಯೊಂದರಲ್ಲೇ 82 ಹೊಸ ಜೀನ್‌ಗಳು ಸೇರಿಕೊಂಡವು.

ಇಷ್ಟು ಬಿಟ್ಟುಹೋದದ್ದು ಏಕೆ? ಶೇ 65.6ರ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ನಿಲುಗಡೆಗಳ ನಡುವಿನ ಸರಾಸರಿ ಅಂತರ 41 ಕೋಡಾನ್. ನಿಲುಗಡೆಯಿಲ್ಲದೆ ತಾನಾಗಿ 100 ಕೋಡಾನ್ ಸಾಗುವ ಸಂಭವ ಶೇ 8ರ ಆಸುಪಾಸು, ಅಂದರೆ ಸಮಪ್ರಮಾಣದ ಸರಣಿಗಿಂತ ಹತ್ತು ಪಟ್ಟು. ನಿಜವಾದ ಜೀನ್‌ನ ಎದುರು ಎಳೆಯಲ್ಲೂ ನೆರಳಿನಂತೆ ಇನ್ನೊಂದು ಉದ್ದನೆಯ ಓಆರ್‌ಎಫ್ ಕಾಣಿಸಿಕೊಳ್ಳುತ್ತದೆ. ಇಂಥವುಗಳನ್ನು ತಡೆಯಲು ಉದ್ದದ ಗೆರೆಯನ್ನು ಏರಿಸಿದರೆ ಸಣ್ಣ ಜೀನ್‌ಗಳು ಜಾರಿಹೋಗುತ್ತವೆ, ಇಳಿಸಿದರೆ ನೆರಳುಗಳು ತುಂಬಿಕೊಳ್ಳುತ್ತವೆ.

ಆದ್ದರಿಂದ ಉದ್ದವನ್ನು ಬಿಟ್ಟು ಬರಹದ ಧಾಟಿಯನ್ನು ನೋಡುವ ವಿಧಾನಗಳು ಬಂದವು. ಒಂದೇ ಅಮೈನೋ ಆಮ್ಲಕ್ಕೆ ಹಲವು ಕೋಡಾನ್‌ಗಳಿದ್ದಾಗ ಪ್ರತಿ ಜೀವಿಗೂ ತನ್ನ ಒಲವು ಇರುತ್ತದೆ, ಮತ್ತು ಆ ಒಲವು ಹೆಚ್ಚಾಗಿ ಕೋಡಾನ್‌ನ ಮೂರನೆಯ ಅಕ್ಷರದಲ್ಲಿ ಕಾಣುತ್ತದೆ. ಜಿ, ಸಿ ಹೆಚ್ಚಿರುವ ಬ್ಯಾಕ್ಟೀರಿಯಗಳಲ್ಲಿ ಮೂರನೆಯ ಸ್ಥಾನದಲ್ಲಿ ಜಿ ಅಥವಾ ಸಿ ಬರುವುದು ಉಳಿದೆರಡು ಸ್ಥಾನಗಳಿಗಿಂತ ಗಣನೀಯವಾಗಿ ಹೆಚ್ಚು. ಮೂರೂ ಚೌಕಟ್ಟುಗಳಿಗೆ ಈ ಪ್ರಮಾಣದ ರೇಖೆ ಎಳೆದರೆ ನಿಜವಾದ ಚೌಕಟ್ಟಿನದು ಮೇಲೆದ್ದು ನಿಲ್ಲುತ್ತದೆ. ಆರು ಅಕ್ಷರಗಳವರೆಗಿನ ನೆರೆಹೊರೆಯ ಸಂಬಂಧಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸಂಭವನೀಯ ಮಾದರಿಗಳು ಇದರ ಮುಂದುವರಿಕೆ: 1993ರ ಜೀನ್‌ಮಾರ್ಕ್, 1998ರ ಗ್ಲಿಮ್ಮರ್, 2010ರ ಪ್ರಾಡಿಗಲ್. ಇವು ಮೊದಲು ಅದೇ ಜೀನೋಮ್‌ನ ಸಂಶಯವಿಲ್ಲದ ಜೀನ್‌ಗಳಿಂದ ಒಲವನ್ನು ಕಲಿತು, ಆಮೇಲೆ ಉಳಿದ ಓಆರ್‌ಎಫ್‌ಗಳನ್ನು ತೂಗುತ್ತವೆ. ಸಾಮಾನ್ಯ ಬ್ಯಾಕ್ಟೀರಿಯದಲ್ಲಿ ನಿಲುಗಡೆಯ ತುದಿಯನ್ನು ಇವು ಬಹಳ ಚೆನ್ನಾಗಿ ಹಿಡಿಯುತ್ತವೆ.

ಆರಂಭದ ತುದಿ ಬೇರೆಯೇ ಸಮಸ್ಯೆ. ನಿಲುಗಡೆಯಿಂದ ಹಿಂದಕ್ಕೆ ಹೋದಂತೆ ಅದೇ ಚೌಕಟ್ಟಿನಲ್ಲಿ ಹಲವು ಎಟಿಜಿ, ಜಿಟಿಜಿಗಳು ಸಿಗುತ್ತವೆ. ರೈಬೋಸೋಮ್ ಕೂತದ್ದು ಯಾವುದರ ಮೇಲೆ? ಕ್ಷಯದ ಬ್ಯಾಕ್ಟೀರಿಯದಲ್ಲಿ ಸುಮಾರು ಶೇ 35 ಜೀನ್‌ಗಳು ಜಿಟಿಜಿಯಿಂದ ಆರಂಭವಾಗುತ್ತವೆ ಎಂದು 1998ರ ಪ್ರಬಂಧವೇ ಗುರುತಿಸಿತು, ಇ. ಕೋಲಿಯಲ್ಲಿ ಇದು ಶೇ 14. ಅಂತರಜಾಲದಲ್ಲಿ ಸಿಗುವ ಓಆರ್‌ಎಫ್‌ಫೈಂಡರ್‌ನಂಥ ಸಾಧನದಲ್ಲಿ ಎಟಿಜಿ ಮಾತ್ರ ಎಂಬ ಆಯ್ಕೆಯನ್ನು ಬದಲಿಸದೆ ಈ ಜೀನೋಮನ್ನು ಕೊಟ್ಟರೆ ಮೂರರಲ್ಲೊಂದು ಜೀನ್‌ನ ತಲೆ ಕತ್ತರಿಸಿಹೋಗುತ್ತದೆ. ಪ್ರಾಜೆಕ್ಟ್ ವರದಿಗಳಲ್ಲಿ ಇಂಥ ಮುಂಡಗಳು ಬೇಕಾದಷ್ಟು ಸಿಗುತ್ತವೆ. ಬ್ಯಾಕ್ಟೀರಿಯಗಳಿಗೆ ಹನ್ನೊಂದನೆಯ ಸಂಕೇತಪಟ್ಟಿಯನ್ನು ಆರಿಸಿಕೊಳ್ಳಬೇಕು ಎಂಬುದೂ ಹೀಗೆಯೇ ಮರೆತುಹೋಗುವ ವಿಷಯ.

ಆರಂಭವನ್ನು ಹಿಡಿಯಲು ಬ್ಯಾಕ್ಟೀರಿಯಗಳಲ್ಲಿ ಒಂದು ಹಳೆಯ ಗುರುತಿದೆ: ಆರಂಭದ ಕೋಡಾನ್‌ಗೆ ಸ್ವಲ್ಪ ಮುಂಚೆ ಎಜಿಜಿಎಜಿಜಿಯನ್ನು ಹೋಲುವ ತುಣುಕು, ರೈಬೋಸೋಮ್ ಬಂದು ಹಿಡಿದುಕೊಳ್ಳುವ ಜಾಗ. ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ 1974ರಲ್ಲಿ ಗುರುತಿಸಿದ್ದು. ಕ್ಷಯದ ಬ್ಯಾಕ್ಟೀರಿಯದಲ್ಲಿ ಇದೂ ಪೂರ್ತಿ ಕೈಹಿಡಿಯುವುದಿಲ್ಲ. ಅದರ ಆರ್‌ಎನ್‌ಎಗಳಲ್ಲಿ ಸುಮಾರು ಕಾಲುಭಾಗಕ್ಕೆ ಮುನ್ನುಡಿಯೇ, ಅಂದರೆ ಆರಂಭದ ಕೋಡಾನ್‌ಗೆ ಮುಂಚಿನ ಭಾಗವೇ, ಇಲ್ಲ. ಮೊದಲ ಅಕ್ಷರದಿಂದಲೇ ಎಟಿಜಿ ಅಥವಾ ಜಿಟಿಜಿ ಶುರು. ಇಲ್ಲದ ಗುರುತನ್ನು ಹುಡುಕುವ ಪ್ರೋಗ್ರಾಂ ಇನ್ನೊಂದು ಆರಂಭವನ್ನು ಆರಿಸಿಬಿಡುತ್ತದೆ.

ಇಲ್ಲಿಗೆ ಸರಣಿಯನ್ನಷ್ಟೇ ನೋಡುವ ವಿಧಾನಗಳ ಶಕ್ತಿ ಮುಗಿಯಿತು. ಪ್ರೋಟೀನನ್ನೇ ಹಿಡಿದು ಕೇಳಬೇಕು. ವೈಟ್‌ಫೀಲ್ಡ್‌ನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಇದನ್ನು ಮಾಡಿತು. ಅಖಿಲೇಶ್ ಪಾಂಡೆ ಅವರು 2002ರಲ್ಲಿ ಕಟ್ಟಿದ ಸಂಸ್ಥೆ ಅದು. ಕೆಲಸದ ಕ್ರಮ ಹೀಗೆ. ಬ್ಯಾಕ್ಟೀರಿಯದ ಪ್ರೋಟೀನ್‌ಗಳನ್ನೆಲ್ಲ ಹೊರತೆಗೆದು ಟ್ರಿಪ್ಸಿನ್ ಕಿಣ್ವದಿಂದ ಕತ್ತರಿಸುತ್ತಾರೆ. ಅದು ಲೈಸಿನ್ ಮತ್ತು ಆರ್ಜಿನಿನ್‌ಗಳ ಪಕ್ಕದಲ್ಲೇ ಕತ್ತರಿಸುವುದರಿಂದ ತುಂಡುಗಳು ಎಲ್ಲಿ ಮುರಿಯುತ್ತವೆಂದು ಮೊದಲೇ ಗೊತ್ತು. ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಒಡೆದು ತೂಗುತ್ತಾರೆ. ಬಂದ ತೂಕಗಳನ್ನು ಈಗಾಗಲೇ ಇರುವ ಪ್ರೋಟೀನ್ ಪಟ್ಟಿಯೊಂದಿಗೆ ಮಾತ್ರ ಹೋಲಿಸಿದರೆ ಪಟ್ಟಿಯಲ್ಲಿಲ್ಲದ್ದು ಎಂದೂ ಸಿಗದು. ಅದಕ್ಕಾಗಿ ಇಡೀ ಜೀನೋಮನ್ನು ಆರೂ ಚೌಕಟ್ಟುಗಳಲ್ಲಿ ಅಮೈನೋ ಆಮ್ಲಗಳಿಗೆ ಅನುವಾದಿಸಿ ಆ ರಾಶಿಯೊಂದಿಗೆ ಹೋಲಿಸುತ್ತಾರೆ. ಯಾವ ಜೀನೂ ಇಲ್ಲವೆಂದುಕೊಂಡಿದ್ದ ಜಾಗಕ್ಕೆ ತುಂಡು ಹೊಂದಿಕೊಂಡರೆ ಅಲ್ಲಿ ಓಆರ್‌ಎಫ್ ನಿಜವಾಗಿಯೂ ಅನುವಾದವಾಗುತ್ತಿದೆ; ಗೊತ್ತಿರುವ ಜೀನ್‌ನ ಆರಂಭಕ್ಕಿಂತ ಮುಂಚಿನ ಜಾಗಕ್ಕೆ ಹೊಂದಿಕೊಂಡರೆ ಆರಂಭವನ್ನು ತಪ್ಪಾಗಿ ಗುರುತಿಸಲಾಗಿತ್ತು.

ಈ ಅಧ್ಯಯನ 2011ರಲ್ಲಿ ಮಾಲಿಕ್ಯುಲರ್ ಅಂಡ್ ಸೆಲ್ಯುಲರ್ ಪ್ರೋಟಿಯೊಮಿಕ್ಸ್ ಪತ್ರಿಕೆಯಲ್ಲಿ ಬಂತು. 3,176 ಪ್ರೋಟೀನ್‌ಗಳು, ಅಂದರೆ ನಿರೀಕ್ಷಿತ ಜೀನ್‌ಗಳ ಸುಮಾರು ಶೇ 80, ಕೈಗೆ ಸಿಕ್ಕವು. ಪಟ್ಟಿಯಲ್ಲಿರದ 250ರಷ್ಟು ಪೆಪ್ಟೈಡ್‌ಗಳ ಆಧಾರದಲ್ಲಿ 41 ಹೊಸ ಜೀನ್‌ಗಳು ಗೊತ್ತಾದವು, 79 ಜೀನ್‌ಗಳ ಗಡಿಗಳನ್ನು ತಿದ್ದಲಾಯಿತು. ಪ್ರೋಟೀನ್‌ಗಳ ಮೊದಲ ತುದಿಯ ತುಂಡುಗಳು 727 ಜೀನ್‌ಗಳ ಆರಂಭವನ್ನು ಖಚಿತಪಡಿಸಿದವು, 33ರ ಆರಂಭವನ್ನು ಬದಲಿಸಿದವು. ಮೂಲ ಸರಣಿ ಪ್ರಕಟವಾಗಿ ಹದಿಮೂರು ವರ್ಷ ಕಳೆದಿತ್ತು, ಜಗತ್ತಿನಲ್ಲೇ ಅತಿ ಹೆಚ್ಚು ಅಧ್ಯಯನವಾದ ರೋಗಾಣುಗಳಲ್ಲೊಂದು ಇದು ಎಂಬುದನ್ನು ನೆನೆದರೆ 41 ಸಣ್ಣ ಸಂಖ್ಯೆಯಲ್ಲ. ಇದೇ ಸಂಸ್ಥೆ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮುಂದಾಗಿ ನಡೆಸಿದ ಮಾನವ ಪ್ರೋಟೀನ್ ನಕ್ಷೆಯ ಕೆಲಸ 2014ರಲ್ಲಿ ನೇಚರ್‌ನಲ್ಲಿ ಬಂತು. 17,294 ಜೀನ್‌ಗಳ ಪ್ರೋಟೀನ್‌ಗಳ ಜೊತೆಗೆ, ಜೀನ್ ಇಲ್ಲವೆಂದು ಬದಿಗಿಟ್ಟಿದ್ದ ಜಾಗಗಳಿಂದ ಬಂದ ಪ್ರೋಟೀನ್‌ಗಳನ್ನೂ ಅದು ವರದಿ ಮಾಡಿತು.

ಈ ವಿಧಾನಕ್ಕೂ ಮಿತಿಯಿದೆ. ಆರು ಚೌಕಟ್ಟುಗಳ ರಾಶಿ ದೊಡ್ಡದಾದ್ದರಿಂದ ಕಾಕತಾಳೀಯವಾಗಿ ಹೊಂದಿಕೊಳ್ಳುವ ತುಂಡುಗಳೂ ಹೆಚ್ಚು. ಬೇಕೆಂದೇ ತಿರುವುಮುರುವು ಮಾಡಿದ ಸುಳ್ಳು ಪಟ್ಟಿಯನ್ನೂ ಜೊತೆಗಿಟ್ಟು, ಅದಕ್ಕೆ ಎಷ್ಟು ಹೊಂದುತ್ತವೆ ಎಂದು ನೋಡಿ ತಪ್ಪಿನ ಪ್ರಮಾಣವನ್ನು ಅಂದಾಜಿಸುತ್ತಾರೆ. 2014ರ ಮಾನವ ನಕ್ಷೆಯ ಬಗ್ಗೆ ಬಂದ ಗಟ್ಟಿ ಆಕ್ಷೇಪವೂ ಇದೇ: ಮೂಗಿನಲ್ಲಷ್ಟೇ ಇರಬೇಕಾದ ವಾಸನಾಗ್ರಾಹಿ ಪ್ರೋಟೀನ್‌ಗಳು ಬೇರೆ ಅಂಗಗಳ ಮಾದರಿಗಳಲ್ಲಿ ಲೆಕ್ಕಕ್ಕಿಂತ ಹೆಚ್ಚು ಸಿಕ್ಕಿದ್ದವು. ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಸಿಗದ ಪ್ರೋಟೀನ್ ಇಲ್ಲವೆಂದು ಹೇಳುವಂತೆಯೂ ಇಲ್ಲ. ಕ್ಷಯದ ಜೀನೋಮ್‌ನ ಸುಮಾರು ಹತ್ತನೆಯ ಒಂದು ಭಾಗವನ್ನು ಆಕ್ರಮಿಸಿರುವ ಪಿಇ, ಪಿಪಿಇ ಎಂಬ ಜೀನ್ ಕುಟುಂಬಗಳ ಪ್ರೋಟೀನ್‌ಗಳಲ್ಲಿ ಒಂದೇ ಅಕ್ಷರಮಾಲೆ ಮತ್ತೆ ಮತ್ತೆ ಬರುತ್ತದೆ. ತುಂಡು ಸಿಕ್ಕರೂ ಅದು ಯಾವುದರದೆಂದು ಹೇಳುವುದು ಕಷ್ಟ.

ಆರಂಭ ಆರು ಕೋಡಾನ್ ಆಚೀಚೆಯಾದರೆ ಯಾರಿಗೇನು ನಷ್ಟ ಎಂದು ಕೇಳುವವರಿಗೆ ಆರ್‌ಪಿಒಬಿ ಜೀನ್, ಅಂದರೆ ಆರ್‌ವಿ0667, ಉತ್ತರ ಕೊಡುತ್ತದೆ. ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗದಿರಲು ಮುಖ್ಯ ಕಾರಣ ಈ ಜೀನ್‌ನ 81 ಅಕ್ಷರಗಳ ಭಾಗದಲ್ಲಾಗುವ ಬದಲಾವಣೆಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದ ಮಾದರಿಗೆ ಮಾಡುವ ಸಿಬಿನ್ಯಾಟ್ ಪರೀಕ್ಷೆ ನೋಡುವುದು ಈ ಭಾಗವನ್ನೇ. ಅತಿ ಸಾಮಾನ್ಯವಾದ ಬದಲಾವಣೆಯಲ್ಲಿ ಒಂದು ಸೆರಿನ್ ಇರಬೇಕಾದಲ್ಲಿ ಲ್ಯೂಸಿನ್ ಬರುತ್ತದೆ. ಪ್ರಬಂಧಗಳಲ್ಲಿ ಆ ಜಾಗಕ್ಕೆ 531, 450, 456 ಎಂದು ಮೂರು ಸಂಖ್ಯೆಗಳಿವೆ. 531 ಎಂಬುದು ಇ. ಕೋಲಿಯ ಪ್ರೋಟೀನ್‌ನಿಂದ ಎರವಲು ತಂದ ಎಣಿಕೆ. 450 ಮತ್ತು 456ರ ನಡುವಿನ ಆರರ ವ್ಯತ್ಯಾಸ ಜೀನ್‌ನ ಆರಂಭವನ್ನು ಎಲ್ಲಿ ಗುರುತಿಸಿದರು ಎಂಬುದರಿಂದ ಬಂದದ್ದು. ಈಗ 450 ಎಂದು ಬರೆಯುವುದು ರೂಢಿಯಾಗುತ್ತಿದೆ. ಹಳೆಯ ವರದಿಗಳನ್ನು ಓದುವವರು ಎಣಿಕೆ ಯಾವುದೆಂದು ಮೊದಲು ನೋಡಿಕೊಳ್ಳಬೇಕು.

ವೈರಸ್‌ಗಳು

ವೈರಸ್‌ಗಳಿಗೆ ಜಾಗ ಕಡಿಮೆ, ಹಾಗಾಗಿ ಚೌಕಟ್ಟುಗಳನ್ನು ಅವು ಬಳಸುವ ರೀತಿ ವಿಚಿತ್ರ. ಫ್ರೆಡ್ರಿಕ್ ಸ್ಯಾಂಗರ್ ತಂಡ 1977ರಲ್ಲಿ ಓದಿದ ಫೈಎಕ್ಸ್174 ಎಂಬ ವೈರಸ್‌ನ ಐದು ಸಾವಿರದ ಚಿಲ್ಲರೆ ಅಕ್ಷರಗಳಲ್ಲಿ ಒಂದು ಜೀನ್‌ನ ಒಳಗೇ ಬೇರೆ ಚೌಕಟ್ಟಿನಲ್ಲಿ ಇನ್ನೊಂದು ಜೀನ್ ಅಡಗಿತ್ತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನಕಾಯಿಲೆಯ ವೈರಸ್ ಇದಕ್ಕೆ ತದ್ವಿರುದ್ಧ. ಅದರ ಆರ್‌ಎನ್‌ಎಯಲ್ಲಿ 10,774 ಅಕ್ಷರ, ಒಂದೇ ಒಂದು ಓಆರ್‌ಎಫ್. ಅದರಿಂದ 3,416 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಳಿ ಬಂದು ಆಮೇಲೆ ಹತ್ತು ಪ್ರೋಟೀನ್‌ಗಳಾಗಿ ಕತ್ತರಿಸಿಕೊಳ್ಳುತ್ತದೆ. ಒಂದು ಓಆರ್‌ಎಫ್‌ಗೆ ಒಂದು ಪ್ರೋಟೀನ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೋವಿಡ್ ತಂದ ವೈರಸ್‌ನ 29,903 ಅಕ್ಷರಗಳಲ್ಲಿ ರೈಬೋಸೋಮ್ ಒಂದು ಜಾಗದಲ್ಲಿ ಬೇಕೆಂದೇ ಒಂದಕ್ಷರ ಹಿಂದಕ್ಕೆ ಜಾರಿ, ಚೌಕಟ್ಟು ಬದಲಿಸಿ ಓದು ಮುಂದುವರಿಸುತ್ತದೆ; ನಿಲುಗಡೆ ಕಂಡಲ್ಲಿ ಮುಗಿಸುವ ಪ್ರೋಗ್ರಾಂ ಅರ್ಧ ಪ್ರೋಟೀನನ್ನೇ ಪೂರ್ಣವೆಂದುಕೊಳ್ಳುತ್ತದೆ. ಅದೇ ವೈರಸ್‌ನ ಕೊನೆಯಲ್ಲಿ ಓಆರ್‌ಎಫ್10 ಎಂದು ಹೆಸರು ಪಡೆದ 38 ಕೋಡಾನ್‌ಗಳ ತುಣುಕು ಏನಾದರೂ ಕೆಲಸ ಮಾಡುತ್ತದೆಯೇ ಎಂಬುದು ಸಾಬೀತಾಗಿಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ.

ರಾಗಿ ಮತ್ತು ಮನುಷ್ಯ

ಸಸ್ಯ, ಪ್ರಾಣಿಗಳಲ್ಲಿ ಒಂದು ಜೀನ್ ಎಕ್ಸಾನ್‌ಗಳೆಂಬ ತುಂಡುಗಳಾಗಿ ಹರಡಿರುತ್ತದೆ. ನಡುವಿನ ಇಂಟ್ರಾನ್‌ಗಳನ್ನು ಆರ್‌ಎನ್‌ಎ ಹಂತದಲ್ಲಿ ಜೀವಕೋಶ ಕತ್ತರಿಸಿ ಎಸೆಯುತ್ತದೆ. ಮನುಷ್ಯನ ಡಿಸ್ಟ್ರೋಫಿನ್ ಜೀನ್ 20 ಲಕ್ಷಕ್ಕೂ ಹೆಚ್ಚು ಅಕ್ಷರಗಳಲ್ಲಿ ಹಬ್ಬಿದೆ, ಅದರಿಂದ ಬರುವ ಪ್ರೋಟೀನ್‌ಗೆ ಬೇಕಾದದ್ದು 11 ಸಾವಿರದಷ್ಟು ಅಕ್ಷರ, 79 ಎಕ್ಸಾನ್‌ಗಳಲ್ಲಿ. ಜೀನೋಮ್‌ನಲ್ಲಿ ನೇರವಾಗಿ ಆರು ಚೌಕಟ್ಟುಗಳನ್ನು ಹುಡುಕುವುದು ಇಲ್ಲಿ ವ್ಯರ್ಥ. ಕತ್ತರಿಸಿ ಜೋಡಿಸಿದ ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎಯನ್ನು ಓದಬೇಕು, ಇಲ್ಲವೆ ಜೋಡಣೆಯ ಗುರುತುಗಳನ್ನೂ ಕಲಿತ ಜೆನ್‌ಸ್ಕ್ಯಾನ್, ಆಗಸ್ಟಸ್‌ನಂಥ ಪ್ರೋಗ್ರಾಂಗಳನ್ನು ಬಳಸಬೇಕು.

ಬಂಗಾರಪೇಟೆ ಸುತ್ತಿನ ಹೊಲಗಳ ಬೆಳೆಯಾದ ರಾಗಿಯ ಜೀನೋಮನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ 2017ರಲ್ಲಿ ಪ್ರಕಟಿಸಿತು. ಎಂಎಲ್-365 ತಳಿಯಲ್ಲಿ 85,243 ಜೀನ್‌ಗಳಿವೆ ಎಂದು ಅವರ ಲೆಕ್ಕ. ಮರುವರ್ಷ ಜ್ಯೂರಿಕ್ ವಿಶ್ವವಿದ್ಯಾಲಯದವರು ಇದೇ ಕೃಷಿ ವಿಶ್ವವಿದ್ಯಾಲಯದ ಇನ್ನೊಂದು ತಂಡದ ಜೊತೆ ಪಿಆರ್-202 ತಳಿಗೆ ಕೊಟ್ಟ ಸಂಖ್ಯೆ 62 ಸಾವಿರದ ಆಸುಪಾಸು. ಎರಡು ತಳಿಗಳ ನಡುವೆ ನಿಜವಾಗಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀನ್‌ಗಳ ವ್ಯತ್ಯಾಸವಿದೆ ಎಂದು ಯಾರೂ ತಿಳಿಯುವುದಿಲ್ಲ. ರಾಗಿಯ ಕೋಶದಲ್ಲಿ ಎರಡು ಮೂಲಗಳಿಂದ ಬಂದ ನಾಲ್ಕು ಪ್ರತಿ ವರ್ಣತಂತುಗಳಿವೆ, ಅರ್ಧದಷ್ಟು ಜೀನೋಮ್ ಪುನರಾವರ್ತನೆಗಳಿಂದ ತುಂಬಿದೆ. ತುಂಡುಗಳನ್ನು ಜೋಡಿಸುವಾಗ ಜೀನ್ ಮಧ್ಯದಲ್ಲಿ ಮುರಿದರೆ ಒಂದು ಜೀನ್ ಎರಡಾಗಿ ಎಣಿಕೆಯಾಗುತ್ತದೆ. ತನ್ನನ್ನು ತಾನೇ ನಕಲಿಸಿಕೊಳ್ಳುವ ಟ್ರಾನ್ಸ್‌ಪೋಸಾನ್‌ಗಳ ಓಆರ್‌ಎಫ್‌ಗಳು ಸೋಸಿಹೋಗದಿದ್ದರೆ ಸಂಖ್ಯೆ ಇನ್ನೂ ಉಬ್ಬುತ್ತದೆ. ಜೀನೋಮ್ ಪ್ರಕಟಣೆಗಳಲ್ಲಿ ಕೊನೆಯ ಅಂಕಿಯವರೆಗೆ ಬರೆದಿರುವ ಜೀನ್ ಸಂಖ್ಯೆಗಳನ್ನು ಆ ಜೋಡಣೆ, ಆ ಪ್ರೋಗ್ರಾಂ ಕೊಟ್ಟ ಅಂದಾಜು ಎಂದಷ್ಟೇ ಓದಬೇಕು.

ರೈಬೋಸೋಮ್‌ಗಳು ಆ ಕ್ಷಣದಲ್ಲಿ ಯಾವ ಆರ್‌ಎನ್‌ಎಯ ಯಾವ ಜಾಗದಲ್ಲಿ ಕೂತಿವೆ ಎಂದು ನೋಡುವ ವಿಧಾನ 2009ರಲ್ಲಿ ಬಂತು. ನಿಕೊಲಸ್ ಇಂಗೋಲಿಯಾ, ಜೊನಾಥನ್ ವೈಸ್‌ಮನ್ ಮತ್ತಿತರರು ರೂಪಿಸಿದ್ದು. ರೈಬೋಸೋಮ್ ಮುಚ್ಚಿಕೊಂಡಿರುವ 30ರಷ್ಟು ಅಕ್ಷರಗಳನ್ನು ಬಿಟ್ಟು ಉಳಿದ ಆರ್‌ಎನ್‌ಎಯನ್ನು ಕಿಣ್ವದಿಂದ ಕರಗಿಸಿ, ಉಳಿದ ತುಂಡುಗಳನ್ನು ಓದುತ್ತಾರೆ. ರೈಬೋಸೋಮ್ ಮೂರಕ್ಷರಕ್ಕೊಮ್ಮೆ ಹೆಜ್ಜೆಯಿಡುವುದರಿಂದ ತುಂಡುಗಳ ಹಂಚಿಕೆಯಲ್ಲೂ ಮೂರರ ಲಯ ಕಾಣುತ್ತದೆ. ಚೌಕಟ್ಟು ಯಾವುದೆಂದು ಅದೇ ಹೇಳುತ್ತದೆ. ಈ ವಿಧಾನದಿಂದ, ಜೀನ್‌ಗಳ ಮುನ್ನುಡಿಯಲ್ಲಿ ಮತ್ತು ಪ್ರೋಟೀನ್ ಕೊಡುವುದಿಲ್ಲವೆಂದು ತಿಳಿದಿದ್ದ ಆರ್‌ಎನ್‌ಎಗಳಲ್ಲಿ ಸಾವಿರಾರು ಸಣ್ಣ ಓಆರ್‌ಎಫ್‌ಗಳು ಬೆಳಕಿಗೆ ಬಂದವು. ಅನುವಾದವಾದದ್ದೆಲ್ಲ ಕೆಲಸಕ್ಕೆ ಬರುವ ಪ್ರೋಟೀನ್ ಆಗುತ್ತದೆಯೇ ಎಂಬುದು ಇನ್ನೂ ತೀರ್ಮಾನವಾಗದ ಪ್ರಶ್ನೆ. ಮುನ್ನುಡಿಯ ಓಆರ್‌ಎಫ್‌ಗಳಲ್ಲಿ ಹಲವು ಪ್ರೋಟೀನ್‌ಗಾಗಿ ಅಲ್ಲ, ಮುಂದಿನ ಮುಖ್ಯ ಓಆರ್‌ಎಫ್‌ಗೆ ರೈಬೋಸೋಮ್ ತಲುಪುವುದನ್ನು ತಡೆಯುವುದಕ್ಕಾಗಿಯೇ ಇವೆ. ಮಾನವ ಜೀನ್‌ಪಟ್ಟಿಯನ್ನು ನಿರ್ವಹಿಸುವ ಜೆನ್‌ಕೋಡ್ ಮತ್ತು ಅದರ ಸಹಯೋಗಿಗಳು 2022ರಲ್ಲಿ ಇಂಥ 7,264 ಓಆರ್‌ಎಫ್‌ಗಳನ್ನು ಒಟ್ಟುಗೂಡಿಸಿದರು. ಅವುಗಳನ್ನು ಪ್ರೋಟೀನ್ ಜೀನ್‌ಗಳ ಪಟ್ಟಿಗೆ ಸೇರಿಸಲಿಲ್ಲ, ರೈಬೋಸೋಮ್ ಓದಿದ ಓಆರ್‌ಎಫ್‌ಗಳು ಎಂಬ ಬೇರೆಯ ಪಟ್ಟಿಯಲ್ಲಿಟ್ಟರು.